ಎಷ್ಟರಲ್ಲಿ ಎಷ್ಟು? ಆರೋಗ್ಯ ಸುದ್ದಿಯನ್ನು ಅಳೆದು ಓದುವ ಬಗೆ

(ಬೆಳಗಾವಿಯ ಶಹಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಆರೋಗ್ಯದ ಸುದ್ದಿ ಉಳಿದ ಸುದ್ದಿಗಳಂತೆ ಓದಿ ಮಡಚಿಡುವಂಥದ್ದಲ್ಲ. ವಿಧಾನಸಭೆಯಲ್ಲಿ ಯಾರು ಯಾರ ಮೇಲೆ ಕೂಗಾಡಿದರು ಎಂಬುದನ್ನು ತಪ್ಪಾಗಿ ತಿಳಿದುಕೊಂಡರೆ ನಮ್ಮ ಮನೆಯಲ್ಲಿ ಏನೂ ಬದಲಾಗುವುದಿಲ್ಲ. ಆದರೆ ಬಿಪಿ ಮಾತ್ರೆಯ ಬಗ್ಗೆ ಒಂದು ಅರೆಬರೆ ಸುದ್ದಿ ಬಂದ ದಿನ ಯಾವುದೋ ಮನೆಯ ಅಜ್ಜ ತನ್ನ ಮಾತ್ರೆಯನ್ನು ಡಬ್ಬಿಯಲ್ಲೇ ಬಿಡುತ್ತಾನೆ. ಯಾಕೆಂದು ಕೇಳಿದರೆ 'ಪೇಪರ್‌ನ್ಯಾಗ ಬಂದೈತಲ್ಲೋ' ಎನ್ನುತ್ತಾನೆ. ಡಾಕ್ಟರ್ ಸಾಹೇಬರು ಹೇಳಿದ್ದಕ್ಕಿಂತ ಅಚ್ಚಾದ ಅಕ್ಷರಕ್ಕೆ ಬೆಲೆ ಹೆಚ್ಚು. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಸುದ್ದಿಮನೆಯ ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತು ಆ ನಂಬಿಕೆಯ ಅನ್ನ ಉಂಡವನು ನಾನು. ಅದಕ್ಕೇ ಈ ವಿಷಯವನ್ನು ಆರಿಸಿಕೊಂಡೆ.

ನಾನು ವೈದ್ಯನಲ್ಲ. ಯಾವ ಔಷಧ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಇಲ್ಲಿ ಹೇಳುವುದಿಲ್ಲ. ಒಂದು ಆರೋಗ್ಯ ಸುದ್ದಿ ನಿಜವೋ ಅಲ್ಲವೋ ಎಂದು ನೋಡಲು ಓದುಗರ ಕೈಯಲ್ಲಿ ಇರಬೇಕಾದ ಎರಡು ಪ್ರಶ್ನೆಗಳನ್ನಷ್ಟೇ ಮುಂದಿಡುತ್ತೇನೆ: ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ? ಯಾರೊಂದಿಗೆ ಹೋಲಿಸಿ? ಇವುಗಳ ಬಲವನ್ನು ಜಗತ್ತಿಗೆ ತೋರಿಸಿದ ಊರುಗಳಲ್ಲಿ ನಮ್ಮ ಬೆಳಗಾವಿಯೂ ಒಂದು ಎಂಬುದು ಇಲ್ಲಿಯವರಿಗೇ ಅಷ್ಟಾಗಿ ಗೊತ್ತಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟೋ ಹೆರಿಗೆಗಳು ಮನೆಯಲ್ಲಿ, ಇಲ್ಲವೇ ಉಪಕೇಂದ್ರದಲ್ಲಿ ಆಗುತ್ತಿದ್ದವು. ಕೂಸು ಹುಟ್ಟಿದ ಮೇಲೆ ತಾಯಿಗೆ ರಕ್ತ ನಿಲ್ಲದೆ ಹೋಗುವುದು ಬಾಣಂತಿಯರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಚುಚ್ಚಲು ತಿಳಿದವರು ಬೇಕು. ಕರೆಂಟೇ ನೆಟ್ಟಗಿಲ್ಲದ ಹಳ್ಳಿಯಲ್ಲಿ ಅದು ಕಷ್ಟ. ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. ಆದರೆ ಹಳ್ಳಿಯಲ್ಲಿ, ಉಪಕೇಂದ್ರದ ಆರೋಗ್ಯ ಸಹಾಯಕಿಯಾದ ಎಎನ್‌ಎಂ ಕೈಯಲ್ಲಿ ಅದು ಕೆಲಸ ಮಾಡುತ್ತದೆಯೇ? ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಕೊಡಕಣಿ, ಡಾ. ಗೌಡರ ಮತ್ತು ಅವರ ಜೊತೆಗಾರರು ಅಮೆರಿಕದ ಸಂಶೋಧಕರೊಂದಿಗೆ ಸೇರಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಇದನ್ನು ಪರೀಕ್ಷಿಸಿದರು. 1620 ತಾಯಂದಿರಲ್ಲಿ 812 ಮಂದಿಗೆ ನಿಜವಾದ ಮಾತ್ರೆ, 808 ಮಂದಿಗೆ ನೋಡಲು ಹಾಗೆಯೇ ಇದ್ದ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ರಕ್ತ ಅಳೆದವರು 25 ಮಂದಿ ಎಎನ್‌ಎಂಗಳು.

'ರಕ್ತ ಅಳೆದವರು' ಎಂಬ ಮಾತನ್ನು ಗಮನಿಸಬೇಕು. ಅದುವರೆಗೆ ರಕ್ತ ಎಷ್ಟು ಹೋಯಿತೆಂದು ಕಣ್ಣಳತೆಯಲ್ಲಿ ಹೇಳುವುದೇ ವಾಡಿಕೆಯಾಗಿತ್ತು. ದೊಡ್ಡ ಆಸ್ಪತ್ರೆಗಳಲ್ಲೂ ಹಾಗೆಯೇ. ಈ ತಂಡ ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿಸಿತು. ಅದರ ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲ. ರಕ್ತ ಅದರಲ್ಲಿ ಇಳಿದು ನಿಲ್ಲುತ್ತದೆ, ಎಷ್ಟು ಮಿಲಿಲೀಟರ್ ಎಂದು ಕಣ್ಣಿಗೆ ಕಾಣುತ್ತದೆ. ಹಾಳೆಯ ಅಳತೆಯನ್ನೂ ಕಣ್ಣಂದಾಜನ್ನೂ ಹೋಲಿಸಿ ನೋಡಿದಾಗ ಕಣ್ಣು ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತಿತ್ತು. ಅನುಭವವಿದ್ದವರ ಕಣ್ಣೂ ಅಷ್ಟು ತಪ್ಪುತ್ತಿತ್ತು!

ಮಾತ್ರೆಯ ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾಗಿತ್ತು. ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ ನೂರಕ್ಕೆ 6.4. ಲೀಟರಿಗೂ ಮೀರಿ ಹರಿಯುವ ತೀವ್ರ ರಕ್ತಸ್ರಾವ ನೂರಕ್ಕೆ 1.2ರಿಂದ 0.2ಕ್ಕೆ ಇಳಿದಿತ್ತು. ಚಳಿ, ನಡುಕ, ಜ್ವರ ಮಾತ್ರೆ ನುಂಗಿದವರಲ್ಲಿ ಹೆಚ್ಚಾಗಿ ಕಂಡವು, ಸ್ವಲ್ಪ ಹೊತ್ತಿಗೆ ಇಳಿದವು. 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿ ರಕ್ತಸ್ರಾವ ತಪ್ಪುತ್ತದೆ ಎಂದು ತಂಡ ಲೆಕ್ಕ ಕೊಟ್ಟಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ಸಿಗದ ಕಡೆ ಬಾಣಂತಿಯರ ರಕ್ತಸ್ರಾವ ತಡೆಯಲೆಂದು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಜಿಲ್ಲೆಯ ಎಎನ್‌ಎಂ ಅಕ್ಕಂದಿರ ದುಡಿಮೆ ಅದರ ಹಿಂದಿದೆ.

ಅಳತೆಯ ಹಾಳೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಒಂದು ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ಇಂಥದೇ ಅಳತೆ ಚೀಲವನ್ನು ಬಳಸಿ, ರಕ್ತ ಹೆಚ್ಚೆಂದು ಕಂಡ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರು ಮಾಡಿದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವದ ಅನಾಹುತಗಳು ನೂರಕ್ಕೆ 1.6. ಹಳೆಯ ಕ್ರಮದಲ್ಲೇ ನಡೆದ ಆಸ್ಪತ್ರೆಗಳಲ್ಲಿ 4.3. ಹಳೆಯ ಕ್ರಮದಲ್ಲಿ ಅತಿ ರಕ್ತಸ್ರಾವದ ಅರ್ಧದಷ್ಟು ಪ್ರಕರಣಗಳು ಗಮನಕ್ಕೇ ಬರುತ್ತಿರಲಿಲ್ಲ. ಹಾಳೆ ಬಂದ ಮೇಲೆ ನೂರಕ್ಕೆ 93 ಕಣ್ಣಿಗೆ ಬಿದ್ದವು.

ಆರೋಗ್ಯ ಸುದ್ದಿಯ ಮಾತಿಗೆ ಇಷ್ಟು ವಿವರ ಯಾಕೆಂದರೆ, ನಮ್ಮ ಸುದ್ದಿಮನೆಗಳು ಇಂದಿಗೂ ಕಣ್ಣಳತೆಯಲ್ಲೇ ಬರೆಯುತ್ತಿವೆ. 'ಹೆಚ್ಚುತ್ತಿದೆ', 'ಭಾರೀ ಏರಿಕೆ', 'ರಾಮಬಾಣ', 'ಅರ್ಧಕ್ಕೆ ಇಳಿಕೆ' ಎಲ್ಲವೂ ಕಣ್ಣಳತೆಯ ಮಾತು. ಓದುಗರು ಅಳತೆಯ ಗೆರೆ ಕೇಳಬೇಕು.

ಕೇಳುವುದು ಹೇಗೆ? ಮಿಸೊಪ್ರೊಸ್ಟಾಲ್ ಸುದ್ದಿಗೆ 'ಬಾಣಂತಿಯರ ರಕ್ತಸ್ರಾವ ಅರ್ಧಕ್ಕೆ' ಎಂದು ತಲೆಬರಹ ಕೊಟ್ಟರೆ ಅದು ಸುಳ್ಳಲ್ಲ. ಹನ್ನೆರಡು ಆರಾದರೆ ಅರ್ಧವೇ. ಆದರೆ ನೂರಕ್ಕೆ ಹನ್ನೆರಡು ಆರಾದರೂ ಅರ್ಧ, ಹತ್ತು ಸಾವಿರಕ್ಕೆ ಎರಡು ಒಂದಾದರೂ ಅರ್ಧ. ಮೊದಲನೆಯದು ಹಳ್ಳಿ ಹಳ್ಳಿಯಲ್ಲೂ ಕಾಣುವ ಬದಲಾವಣೆ, ಎರಡನೆಯದು ಜಿಲ್ಲೆಯಲ್ಲಿ ಹುಡುಕಿದರೂ ಕಷ್ಟದಿಂದ ಸಿಗುವಂಥದ್ದು. 'ಅರ್ಧ' ಎಂಬ ಪದ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸುತ್ತದೆ.

ಬೆಳಗಾವಿ ಪಾಲ್ಗೊಂಡ ಇನ್ನೊಂದು ಅಧ್ಯಯನ ನೋಡಿ. ಚೊಚ್ಚಲು ಬಸುರಿಯರಿಗೆ ದಿನಕ್ಕೊಂದು ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ತಿಂಗಳು ತುಂಬದ ಹೆರಿಗೆ ತಪ್ಪುತ್ತದೆಯೇ ಎಂದು ಆರು ದೇಶಗಳ ಹನ್ನೆರಡು ಸಾವಿರದಷ್ಟು ಮಹಿಳೆಯರಲ್ಲಿ ನೋಡಿದರು. 2020ರಲ್ಲಿ ಫಲಿತಾಂಶ ಬಂತು: ಆಸ್ಪಿರಿನ್ ತೆಗೆದುಕೊಂಡವರಲ್ಲಿ ನೂರಕ್ಕೆ 11.6, ತೆಗೆದುಕೊಳ್ಳದವರಲ್ಲಿ 13.1. ಇದನ್ನು 'ಶೇಕಡಾ 11ರಷ್ಟು ಇಳಿಕೆ' ಎಂದೂ ಬರೆಯಬಹುದು, 'ನೂರು ಬಸುರಿಯರಲ್ಲಿ ಒಂದೂವರೆಯಷ್ಟು ಕಡಿಮೆ' ಎಂದೂ ಬರೆಯಬಹುದು. ಎರಡೂ ಒಂದೇ ಲೆಕ್ಕ. ಎರಡನೆಯದನ್ನು ಓದಿದ ಬಸುರಿ ತನ್ನ ಡಾಕ್ಟರರ ಹತ್ತಿರ ಹೋಗಿ ನೆಟ್ಟಗೆ ಒಂದು ಪ್ರಶ್ನೆ ಕೇಳಬಲ್ಲಳು. ಮೊದಲನೆಯದನ್ನು ಓದಿದವಳು ಔಷಧದ ಅಂಗಡಿಗೆ ತಾನೇ ಹೋಗಿಬಿಡುವ ಅಪಾಯವಿದೆ.

ಮೂರನೆಯದು ಅಜಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್. ಹೆರಿಗೆ ನೋವು ಬಂದಾಗ ಒಂದೇ ಒಂದು ಡೋಸ್ ಕೊಟ್ಟು ನೋಡಿದ ಅಧ್ಯಯನ, 2023ರದು. ಬೆಳಗಾವಿಯೂ ಅದರ ಕೇಂದ್ರಗಳಲ್ಲೊಂದು, ಒಟ್ಟು 29 ಸಾವಿರಕ್ಕೂ ಹೆಚ್ಚು ತಾಯಂದಿರು. ತಾಯಿಗೆ ನಂಜೇರುವುದು ಅಥವಾ ಸಾವು ನೂರಕ್ಕೆ 2.4ರಿಂದ 1.6ಕ್ಕೆ ಇಳಿಯಿತು. ಕೂಸಿನ ವಿಷಯದಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ: ಒಂದು ಗುಂಪಿನಲ್ಲಿ 10.5, ಇನ್ನೊಂದರಲ್ಲಿ 10.3. 'ತಾಯಿ ಮಗುವನ್ನು ಉಳಿಸುವ ಮಾತ್ರೆ' ಎಂದು ಯಾರಾದರೂ ಬರೆದರೆ ಆ ವಾಕ್ಯದ ಅರ್ಧ ನಿಜ, ಅರ್ಧ ಸುಳ್ಳು. ಏನು ಕೆಲಸ ಮಾಡಲಿಲ್ಲ ಎಂಬುದನ್ನೂ ಹೇಳುವ ಸುದ್ದಿಯೇ ಪೂರ್ತಿ ಸುದ್ದಿ.

ಇನ್ನು ಹಾಸನಕ್ಕೆ ಬರೋಣ. 2025ರ ಮೇ, ಜೂನ್ ತಿಂಗಳಲ್ಲಿ ಆ ಜಿಲ್ಲೆಯಿಂದ ಬಂದ ಸುದ್ದಿಗಳು ಇಡೀ ನಾಡಿನ ನಿದ್ದೆ ಕೆಡಿಸಿದವು. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು, ಅವರಲ್ಲಿ ಎಳೆಯ ವಯಸ್ಸಿನವರು ಬಹಳ ಎಂದು ಟಿವಿಗಳು ಪ್ರತಿದಿನ ಎಣಿಕೆ ಏರಿಸುತ್ತಾ ಹೋದವು. ಬೆಂಗಳೂರು, ಮೈಸೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನಸುಕಿನಿಂದಲೇ ಸಾಲು. ಏನೂ ತೊಂದರೆ ಇಲ್ಲದವರು ಭಯಕ್ಕೆ ಬಂದು ನಿಂತರು, ನಿಜವಾಗಿ ಎದೆನೋವಿದ್ದವರು ಆ ಸಾಲಿನ ಹಿಂದಾದರು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕೋವಿಡ್ ಲಸಿಕೆಗೆ ಆತುರದಲ್ಲಿ ಒಪ್ಪಿಗೆ ಕೊಟ್ಟದ್ದೂ ಈ ಸಾವುಗಳಿಗೆ ಕಾರಣವಿರಬಹುದೆಂದು ಹೇಳಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ, ಅಂಥ ನಂಟು ಅಧ್ಯಯನಗಳಲ್ಲಿ ಕಂಡಿಲ್ಲ ಎಂದಿತು. ಸುದ್ದಿ ಅಲ್ಲಿಂದ ರಾಜಕೀಯದ ಪುಟಕ್ಕೆ ಹೋಯಿತು, ಹಾಸನದ ಜನ ಭಯದಲ್ಲೇ ಉಳಿದರು.

ಈಗ ನಮ್ಮ ಮೊದಲ ಪ್ರಶ್ನೆ. ಎಷ್ಟರಲ್ಲಿ ಎಷ್ಟು? 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು ಆರು ಮಂದಿ ತೀರಿಕೊಳ್ಳುತ್ತಾರೆ. ಅಂದರೆ ಅಷ್ಟು ದೊಡ್ಡ ಜಿಲ್ಲೆಯಲ್ಲಿ ಯಾವುದೇ ನಲವತ್ತು ದಿನ ತೆಗೆದುಕೊಂಡರೂ ಎಲ್ಲ ಕಾರಣಗಳಿಂದ ಸಾವಿರಕ್ಕೂ ಮೇಲ್ಪಟ್ಟು ಸಾವುಗಳಾಗುತ್ತವೆ. ದೇಶದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಸಾವು ಹೃದಯ, ರಕ್ತನಾಳದ ಕಾಯಿಲೆಗಳದು. ಆ ಲೆಕ್ಕದಲ್ಲಿ ಇಂಥ ಸಾವುಗಳು ಇನ್ನೂರೈವತ್ತನ್ನು ದಾಟುತ್ತವೆ. ಬಹುಪಾಲು ವಯಸ್ಸಾದವರದು, ಆದರೆ ಎಲ್ಲವೂ ಅಲ್ಲ. ಹೀಗಿರುವಾಗ ಟಿವಿ ಎಣಿಸಿದ ಇಪ್ಪತ್ತು ಚಿಲ್ಲರೆ ಸಾವುಗಳು ಏರಿಕೆಯೋ, ಅಥವಾ ಪ್ರತಿವರ್ಷ ಆಗುತ್ತಿದ್ದದ್ದನ್ನು ಆ ವರ್ಷ ಮಾತ್ರ ಎಣಿಸಿದರೋ? ಹಿಂದಿನ ವರ್ಷದ ಅದೇ ತಿಂಗಳುಗಳ ಲೆಕ್ಕವಿಲ್ಲದೆ ಉತ್ತರ ಹೇಳಲು ಬರುವುದಿಲ್ಲ. ಆ ಲೆಕ್ಕ ಕೇಳದೆಯೇ 'ಸರಣಿ ಸಾವು' ಎಂದು ತಲೆಬರಹ ಕೊಟ್ಟರು.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪಟ್ಟಿಯಲ್ಲಿದ್ದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದ ಇಪ್ಪತ್ತರಲ್ಲೂ ಎಲ್ಲದಕ್ಕೂ ಖಚಿತ ದಾಖಲೆ ಇರಲಿಲ್ಲ, ಹಲವನ್ನು ಮರಣೋತ್ತರ ಪರೀಕ್ಷೆಯಿಲ್ಲದೆ 'ಸಂಭವನೀಯ' ಎಂದಷ್ಟೇ ಹೇಳಬೇಕಾಯಿತು. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿದೆ ಎನ್ನಲು ಆಧಾರ ಸಿಗಲಿಲ್ಲ. ಲಸಿಕೆಯ ನಂಟಿನ ಬಗ್ಗೆ ಅದಕ್ಕೂ ಮೊದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 47 ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿ 2023ರಲ್ಲಿ ಪ್ರಕಟಿಸಿತ್ತು. ಹಠಾತ್ತಾಗಿ ಸತ್ತ 18ರಿಂದ 45 ವಯಸ್ಸಿನ 729 ಮಂದಿಯನ್ನು, ಅದೇ ವಯಸ್ಸಿನ, ಅದೇ ಸುತ್ತಮುತ್ತಲಿನ, ಬದುಕಿರುವ 2916 ಮಂದಿಯೊಂದಿಗೆ ಹೋಲಿಸಿದ ಅಧ್ಯಯನ ಅದು. ಲಸಿಕೆ ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಕಂಡವರು, ಸಾಯುವ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದವರು, ಒಮ್ಮೆಲೇ ಕಠಿಣ ವ್ಯಾಯಾಮ ಮಾಡಿದವರು ಹೆಚ್ಚು ಅಪಾಯದಲ್ಲಿದ್ದರು.

ಇಲ್ಲಿ ನನ್ನನ್ನು ತಪ್ಪು ತಿಳಿಯಬೇಡಿ. ಮೂವತ್ತರ ಮಗನನ್ನು ಕಳೆದುಕೊಂಡ ತಾಯಿಗೆ ಜಿಲ್ಲೆಯ ಸರಾಸರಿ ಹೇಳುವುದು ಕ್ರೂರತನ. ಅವಳ ಮಗನ ಸಾವು ಸುದ್ದಿಯೇ. ನಮ್ಮ ದೇಶದಲ್ಲಿ ಹೃದಯದ ಕಾಯಿಲೆ ಕಡಿಮೆ ವಯಸ್ಸಿಗೇ ಬರುತ್ತಿದೆ ಎಂಬುದೂ ಹೌದು. ಆದರೆ 'ಎಳೆಯರೂ ಹೃದಯಾಘಾತಕ್ಕೆ ತುತ್ತಾಗುತ್ತಾರೆ' ಎಂಬುದು ಒಂದು ಮಾತು, 'ಈ ತಿಂಗಳು ಈ ಜಿಲ್ಲೆಯಲ್ಲಿ ಹೊಸದೇನೋ ಹಬ್ಬಿದೆ' ಎಂಬುದು ಬೇರೆಯೇ ಮಾತು. ಮೊದಲನೆಯದನ್ನು ಹೇಳಿದ್ದರೆ ಬೀಡಿ, ಸಿಗರೇಟು, ಬಿಪಿ, ಸಕ್ಕರೆ ಕಾಯಿಲೆಯ ಕಡೆ ಜನರ ಗಮನ ಹೋಗುತ್ತಿತ್ತು. ಎರಡನೆಯದನ್ನು ಹೇಳಿದ್ದರಿಂದ ಜನ ಲಸಿಕೆಯನ್ನು ಶಪಿಸಿದರು, ಬೀಡಿ ಹಾಗೆಯೇ ಉರಿಯಿತು.

ಲಸಿಕೆಯ ಮಾತು ಬಂದಾಗ ನಮ್ಮ ಜಿಲ್ಲೆಯ ರಾಮದುರ್ಗವನ್ನು ದಾಟಿಹೋಗಲು ನನ್ನಿಂದಾಗದು. 2022ರ ಜನವರಿಯಲ್ಲಿ ಆ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ಕೆಲವೇ ದಿನಗಳಲ್ಲಿ ತೀರಿಕೊಂಡವು. 'ಲಸಿಕೆಗೆ ಮೂರು ಕಂದಮ್ಮಗಳು ಬಲಿ' ಎಂದು ಹೇಳುವುದು ಸುಲಭ, ಹಲವರು ಹಾಗೆಯೇ ಹೇಳಿದರು. ಆ ಒಂದು ವಾಕ್ಯದಲ್ಲಿ ಹಲವು ಪ್ರಶ್ನೆಗಳು ಅಡಗಿವೆ. ಲಸಿಕೆಯೇ ಕೆಟ್ಟದ್ದೇ? ಆ ಬ್ಯಾಚು ಕಾರ್ಖಾನೆಯಲ್ಲೇ ಕೆಟ್ಟಿತ್ತೇ? ಒಳ್ಳೆಯ ಲಸಿಕೆಯನ್ನು ಇಲ್ಲಿ ಇಟ್ಟ, ಬೆರೆಸಿದ, ಚುಚ್ಚಿದ ರೀತಿ ತಪ್ಪಿತೇ? ಅಥವಾ ಲಸಿಕೆಗೆ ಸಂಬಂಧವಿಲ್ಲದ ಬೇರೆ ರೋಗವೇ? ಲಸಿಕೆಯ ನಂತರದ ಯಾವುದೇ ಸಾವನ್ನು ಪರಿಶೀಲಿಸುವಾಗ ತಜ್ಞರು ಈ ಬಾಗಿಲುಗಳನ್ನೆಲ್ಲ ಒಂದೊಂದಾಗಿ ತಟ್ಟುತ್ತಾರೆ. ರಾಮದುರ್ಗದ ಆರಂಭದ ತನಿಖೆ ಮೂರನೆಯ ಬಾಗಿಲಿಗೆ ಬಂದು ನಿಂತಿತು: ಲಸಿಕೆಯ ಶೀಶೆಗಳನ್ನು ನಿಯಮದಂತೆ ಇಡದೆ ಹೋಟೆಲೊಂದರ ಫ್ರಿಜ್‌ನಲ್ಲಿ ಇರಿಸಲಾಗಿತ್ತು ಎಂದು ಅಧಿಕಾರಿಗಳು ಹೇಳಿದರು, ಸಿಬ್ಬಂದಿಯನ್ನು ಅಮಾನತು ಮಾಡಲಾಯಿತು.

ದಡಾರದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣ ಬೆರೆಸಿದ ಮೇಲೆ ಅದರಲ್ಲಿ ಕೀಟಾಣು ತಡೆಯುವ ಪದಾರ್ಥ ಇರುವುದಿಲ್ಲ. ಅದಕ್ಕೇ ನಮ್ಮ ದೇಶದ ನಿಯಮದಂತೆ ಬೆರೆಸಿದ ನಾಲ್ಕು ಗಂಟೆಗಳೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಈ ಮೂರು ಸಾಲಿನ ವಿವರ ಸುದ್ದಿಯ ಜೊತೆಗೇ ಇದ್ದರೆ ಓದಿದ ತಾಯಿ ಮುಂದಿನ ಸಲ ಎಎನ್‌ಎಂ ಹತ್ತಿರ ಹೋಗಿ 'ಅಕ್ಕಾ, ಶೀಶೆ ಎಷ್ಟೊತ್ತಿಗೆ ಒಡೆದ್ರಿ?' ಎಂದು ಕೇಳುತ್ತಾಳೆ. ಅದು ಕೂಸನ್ನು ಕಾಯುವ ಪ್ರಶ್ನೆ. ವಿವರವಿಲ್ಲದ ಸುದ್ದಿ ಓದಿದ ತಾಯಿ ಕೂಸನ್ನು ಕರೆದುಕೊಂಡು ಹೋಗುವುದನ್ನೇ ಬಿಡುತ್ತಾಳೆ, ದಡಾರ ಮನೆ ಹೊಗುತ್ತದೆ.

ಇದು ಹೊಸ ಕಥೆಯಲ್ಲ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಪ್ಲೇಗಿನ ಲಸಿಕೆ ಹಾಕಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಲಸಿಕೆ ಒಂದೇ ಶೀಶೆಯಿಂದ ಹೋಗಿತ್ತು. ಲಸಿಕೆ ಕಂಡುಹಿಡಿದ ಹಾಫ್‌ಕಿನ್ ಅವರ ಮೇಲೆ ಆರೋಪ ಬಂತು, ಕೆಲಸ ಹೋಯಿತು. ಶೀಶೆ ತೆರೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು ಎಂಬುದು ಬೆಳಕಿಗೆ ಬಂದು ಅವರ ಹೆಸರು ಶುಭ್ರವಾಗಲು 1907 ಬರಬೇಕಾಯಿತು. ಒಂದೇ ಶೀಶೆ ಎಂಬ ಸುಳಿವು ಮೊದಲ ದಿನದಿಂದಲೂ ಕಣ್ಣ ಮುಂದೆಯೇ ಇತ್ತು. ಉಳಿದ ಶೀಶೆಗಳಿಂದ ಚುಚ್ಚಿಸಿಕೊಂಡವರು ಏನಾದರು ಎಂದು ಕೇಳಿದ್ದರೆ, ಅಂದರೆ ನಮ್ಮ ಎರಡನೆಯ ಪ್ರಶ್ನೆಯನ್ನು ಕೇಳಿದ್ದರೆ ಸಾಕಿತ್ತು. ಲಸಿಕೆಗೂ ನಮ್ಮ ಊರಿಗೂ ಹಳೆಯ ನಂಟಿದೆ. ಇಲ್ಲಿಂದ ದೂರವಲ್ಲದ ತಿಲಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ನೀವು ಬೆಳಗಿನ ನಡಿಗೆಗೆ ಹೋಗುತ್ತೀರಿ. ಸಿಡುಬನ್ನು ದೇಶದಿಂದ ಓಡಿಸಿದ ಒಣಲಸಿಕೆಯನ್ನು ಭಾರತದಲ್ಲಿ ತಯಾರಿಸಿದ ನಾಲ್ಕು ಕೇಂದ್ರಗಳಲ್ಲಿ ಬೆಳಗಾವಿಯದೂ ಒಂದು. ಲಸಿಕೆಯ ಸುದ್ದಿಯನ್ನು ಎಚ್ಚರದಿಂದ ಬರೆಯುವ, ಓದುವ ಹೊಣೆ ಈ ಊರಿಗೆ ಸ್ವಲ್ಪ ಹೆಚ್ಚೇ ಇದೆ ಎಂದು ನನ್ನ ಭಾವನೆ.

'ಆದ ಮೇಲೆ' ಎನ್ನುವುದು 'ಆದ್ದರಿಂದ' ಆಗಿಬಿಡುವ ಈ ಚಟ ಎರಡೂ ಕಡೆಗೆ ಕೆಲಸ ಮಾಡುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯ ನಡುವೆ ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಎಂಬ ಮಾತು ಉತ್ತರ ಕರ್ನಾಟಕದ ಮನೆಮನೆಗೂ ಹೋಯಿತು. ಪ್ರಯತ್ನಿಸಿ ಗುಣವಾದವರ ಹೆಸರು ಹೇಳಿದರು. ಯಾವ ಮದ್ದೂ ಇಲ್ಲದೆ ಗುಣವಾದವರ ಲೆಕ್ಕ ಯಾರೂ ಕೊಡಲಿಲ್ಲ. ಕೋವಿಡ್ ಬಂದವರಲ್ಲಿ ಬಹುಪಾಲು ಮಂದಿ ಹೇಗಿದ್ದರೂ ಗುಣವಾಗುತ್ತಿದ್ದರು. ಅದೇ ಹೊತ್ತಿಗೆ ಸಿಂಧನೂರಿನಲ್ಲಿ ಶಿಕ್ಷಕರೊಬ್ಬರು ಮೂಗಿಗೆ ನಿಂಬೆರಸ ಬಿಟ್ಟುಕೊಂಡ ಬಳಿಕ ಸತ್ತರೆಂಬ ಸುದ್ದಿ ಬಂತು. ಆ ಮದ್ದನ್ನು ವಿರೋಧಿಸುತ್ತಿದ್ದ ನಮ್ಮಂಥವರು ಕೂಡಲೇ 'ನೋಡಿ, ನಿಂಬೆರಸ ಕೊಂದಿತು' ಎಂದೆವು. ಅದಕ್ಕೂ ಪುರಾವೆ ಬೇಕು. ಬೇಡದ ಮಾತಿಗೆ ಒಂದು ತಕ್ಕಡಿ, ಬೇಕಾದ ಮಾತಿಗೆ ಇನ್ನೊಂದು ಎಂದಾದರೆ ನಮ್ಮ ಮಾತನ್ನು ಯಾರೂ ನಂಬಬೇಕಾಗಿಲ್ಲ.

ತಪ್ಪೆಲ್ಲ ವರದಿಗಾರರದೇ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಸಂಶೋಧನೆಯೊಂದಿಗೆ ಹೋಲಿಸಿ ನೋಡಿದ ಅಧ್ಯಯನವೊಂದು 2014ರಲ್ಲಿ 'ಬಿಎಂಜೆ' ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೂರಕ್ಕೆ 40 ಪ್ರಕಟಣೆಗಳಲ್ಲಿ ಜನರಿಗೆ ಕೊಟ್ಟ ಸಲಹೆ ಸಂಶೋಧನೆಗಿಂತ ಉಬ್ಬಿತ್ತು. 33ರಲ್ಲಿ ಬರೀ ನಂಟನ್ನು ಕಾರಣ ಎಂದು ಬರೆದಿತ್ತು. ಪ್ರಾಣಿಗಳ ಮೇಲಿನ ಸಂಶೋಧನೆಯನ್ನು ಮನುಷ್ಯರಿಗೆ ಎಳೆದು ತಂದದ್ದು 36ರಲ್ಲಿ. ಪ್ರಕಟಣೆ ಉಬ್ಬಿದ್ದರೆ ಸುದ್ದಿಯೂ ಉಬ್ಬುತ್ತಿತ್ತು. ಉಪ್ಪು ಖಾರ ಹೆಚ್ಚಾಗುವುದು ಅಡುಗೆಮನೆಯಲ್ಲೇ. ಜಿಲ್ಲಾ ವರದಿಗಾರನೊಬ್ಬ ಬೆಳಿಗ್ಗೆ ಅಪಘಾತ, ಮಧ್ಯಾಹ್ನ ಪಾಲಿಕೆ ಸಭೆ, ಸಂಜೆ ಆಸ್ಪತ್ರೆಯ ಪತ್ರಿಕಾಗೋಷ್ಠಿ ಮಾಡಿ ರಾತ್ರಿ ಎಂಟಕ್ಕೆ ಪುಟ ಕೊಡಬೇಕು. ಅವನಿಗೆ ಯಾರೂ ಸಂಶೋಧನೆ ಓದುವುದನ್ನು ಕಲಿಸಿಲ್ಲ. ಕಲಿಸುವುದು ಪತ್ರಿಕೆಯ ಮಾಲೀಕರ ಕೆಲಸ. ನೆಹರೂ ವೈದ್ಯಕೀಯ ಕಾಲೇಜು, ಸರ್ಕಾರಿ ವೈದ್ಯಕೀಯ ಸಂಸ್ಥೆ ಬಿಮ್ಸ್, ಐಸಿಎಂಆರ್‌ನ ಪಾರಂಪರಿಕ ವೈದ್ಯ ಸಂಸ್ಥೆ ಮೂರೂ ಇರುವ ಈ ಊರಿನಲ್ಲಿ ವರ್ಷಕ್ಕೆರಡು ದಿನ ವರದಿಗಾರರಿಗೆ ಪಾಠ ಹೇಳುವವರು ಸಿಗುವುದಿಲ್ಲವೇ?

ಇನ್ನು ಸುದ್ದಿಯ ವೇಷ ಹಾಕಿ ಬರುವ ಜಾಹೀರಾತು. ಕೆಲವು ರೋಗಗಳಿಗೆ ಖಚಿತ ಮದ್ದೆಂದು ಸಾರುವುದನ್ನು ತಡೆಯಲು 1954ರಲ್ಲೇ ಕಾನೂನು ಬಂತು. ಆದರೂ 2024ರ ಏಪ್ರಿಲಿನಲ್ಲಿ ಪತಂಜಲಿ ಕಂಪನಿಯ ಜಾಹೀರಾತುಗಳ ವಿಷಯ ಸುಪ್ರೀಂ ಕೋರ್ಟಿನಲ್ಲಿ ನಡೆದು, ಆ ಕಂಪನಿ 67 ಪತ್ರಿಕೆಗಳಲ್ಲಿ ಕ್ಷಮೆ ಅಚ್ಚು ಹಾಕಿಸಿದ್ದಾಗಿ ಹೇಳಬೇಕಾಯಿತು. ಜಾಹೀರಾತು ಕೊಡುತ್ತಿದ್ದಷ್ಟೇ ದೊಡ್ಡದಾಗಿ ಕ್ಷಮೆ ಹಾಕಿಸಿದ್ದೀರಾ ಎಂದು ನ್ಯಾಯಾಲಯ ಕೇಳಿತು. ಆ ಪ್ರಶ್ನೆ ಸುದ್ದಿಗೂ ಸಲ್ಲುತ್ತದೆ. ಭಯದ ಸುದ್ದಿ ಮುಖಪುಟದಲ್ಲಿ ಬಂದಿದ್ದರೆ ತನಿಖೆಯ ಫಲವೂ ಮುಖಪುಟದಲ್ಲೇ ಬರಬೇಕು.

ಅಮೆರಿಕದಲ್ಲಿ ಗ್ಯಾರಿ ಶ್ವಿಟ್ಜರ್ ಎಂಬ ಪತ್ರಕರ್ತರು 2006ರಿಂದ ಹಲವು ವರ್ಷ ಆರೋಗ್ಯ ಸುದ್ದಿಗಳಿಗೆ ಅಂಕ ಕೊಡುವ ಕೆಲಸ ನಡೆಸಿದರು. ಅವರದು ಹತ್ತು ಪ್ರಶ್ನೆಗಳು. ಅವುಗಳಲ್ಲಿ ಒಂದನ್ನು ನಮ್ಮ ಪತ್ರಿಕೆಗಳಲ್ಲಿ ನಾನು ಬಹಳ ಹುಡುಕುತ್ತೇನೆ: ಖರ್ಚೆಷ್ಟು? ಹೊಸ ಯಂತ್ರ ಬಂತು, ಕೀಲು ಬದಲಿಸುವ ರೋಬೋ ಬಂತು ಎಂದು ಫೋಟೋ ಸಮೇತ ಬರುತ್ತದೆ. ಹಳೆಯ ವಿಧಾನಕ್ಕಿಂತ ಅದು ಎಷ್ಟು ಮೇಲು, ಎಷ್ಟು ದುಬಾರಿ, ಸರ್ಕಾರಿ ಕಾರ್ಡಿನಲ್ಲಿ ಸಿಗುತ್ತದೆಯೇ ಎಂಬುದು ಇರುವುದಿಲ್ಲ. ಸೀರೆ ನೇಯ್ದು ಬದುಕುವ ವಡಗಾವಿಯ ಮನೆಗೆ ಆ ಮೂರೇ ಸುದ್ದಿ.

ಗಡಿಯ ಖಾನಾಪುರದ ಕಡೆಯಿಂದ ಬಂದಿರುವವರಿಗೆ ಇನ್ನೊಂದು ಮಾತು ಹೇಳಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2015ರ ಹೊತ್ತಿಗೆ ಗೋವಾದ ಸತ್ತರಿ ತಾಲೂಕಿನಲ್ಲಿ, 2016ರಲ್ಲಿ ಸಿಂಧುದುರ್ಗದ ದೋಡಾಮಾರ್ಗದಲ್ಲಿ ಕಾಣಿಸಿಕೊಂಡಿತು. ಎರಡೂ ಚೋರ್ಲಾ ಘಾಟದ ಆಚೆಗಿನವೇ. ಗೇರುಬೀಜ ಆರಿಸುವ ಹಂಗಾಮು, ಆ ಕಾಯಿಲೆ ಹರಡುವ ಉಣುಗು ಕಚ್ಚುವ ಹಂಗಾಮು ಎರಡೂ ಒಂದೇ. ಆದರೆ ನಮ್ಮ ಪತ್ರಿಕೆಗಳು ಜಿಲ್ಲೆಗೊಂದು ಆವೃತ್ತಿ. ಗೋವಾದ ಜ್ವರ ಗೋವಾದ ಪುಟದಲ್ಲಿ, ಮಹಾರಾಷ್ಟ್ರದ ಜ್ವರ ಮಹಾರಾಷ್ಟ್ರದ ಪುಟದಲ್ಲಿ. ಗಡಿ ದಾಟಿ ಕೂಲಿಗೆ ಹೋಗುವವನ ಕೈಗೆ ಬರುವ ಪುಟದಲ್ಲಿ ಎರಡೂ ಇಲ್ಲ. ಬರೆಯದೇ ಬಿಟ್ಟ ಸುದ್ದಿಯೂ ತಪ್ಪು ಸುದ್ದಿಯೇ. ನಮಗೊಂದು ಅನುಕೂಲವಿದೆ: ಶಹಾಪುರದ ಎಷ್ಟೋ ಮನೆಗಳಲ್ಲಿ ಕನ್ನಡ ಪತ್ರಿಕೆಯೂ ಬರುತ್ತದೆ, ಮರಾಠಿ ಪತ್ರಿಕೆಯೂ ಬರುತ್ತದೆ. ಒಂದೇ ಕಾಯಿಲೆಯ ಸುದ್ದಿಯನ್ನು ಎರಡರಲ್ಲೂ ಓದಿ, ಅಂಕಿ ತಾಳೆ ನೋಡಿ. ತಾಳೆಯಾಗದ ಕಡೆ ಯಾರೋ ಕಣ್ಣಳತೆಯಲ್ಲಿ ಬರೆದಿದ್ದಾರೆ ಎಂದು ತಿಳಿಯಿರಿ.

ಕೊನೆಗೆ ಒಂದು ವಿನಂತಿ. ಮುಂದಿನ ಸಲ 'ಬಲಿ', 'ರಾಮಬಾಣ', 'ಭಾರೀ ಏರಿಕೆ' ಎಂಬ ಆರೋಗ್ಯ ಸುದ್ದಿ ಕಂಡಾಗ ನಿಮ್ಮ ಪತ್ರಿಕೆಯ ಸಂಪಾದಕರಿಗೆ ಒಂದು ಪೋಸ್ಟ್ ಕಾರ್ಡ್ ಬರೆಯಿರಿ. ಎಷ್ಟು ಮಂದಿಯಲ್ಲಿ, ಯಾರೊಂದಿಗೆ ಹೋಲಿಸಿ, ಕಳೆದ ವರ್ಷ ಎಷ್ಟಿತ್ತು, ತನಿಖೆಯ ಫಲ ಯಾವಾಗ ಅಚ್ಚು ಮಾಡುತ್ತೀರಿ ಎಂದು ಕೇಳಿ. ಒಂದು ಕಾರ್ಡು ಕಸದ ಬುಟ್ಟಿಗೆ ಹೋಗಬಹುದು. ಒಂದೇ ವಾರದಲ್ಲಿ ಒಂದೇ ಊರಿನಿಂದ ಐವತ್ತು ಕಾರ್ಡು ಬಂದರೆ ಯಾವ ಸಂಪಾದಕರೂ ಅವನ್ನು ಪಕ್ಕಕ್ಕೆ ಸರಿಸುವುದಿಲ್ಲ. ಸಂಪಾದಕರ ಕುರ್ಚಿಯ ಸುತ್ತ ಬದುಕು ಕಳೆದವನಾಗಿ ಈ ಮಾತು ಹೇಳುತ್ತಿದ್ದೇನೆ. ದಯವಿಟ್ಟು ಬರೆಯಿರಿ.